ನೀರು ಆರುವವರೆಗೆ

ಅವ್ವ,

ನೀನು ಕಣ್ಣು ಮುಚ್ಚುವ ಮುಂಚೆ ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿಸಿದ್ದ ಕಾಯಿಯಲ್ಲಿ ನೀರು ಆರಿದೆಯೋ ನೋಡಲು ಹತ್ತಿ, ಏಣಿಯಿಂದ ಜಾರಿ ಮಂಡಿ ಊದಿಸಿಕೊಂಡೆ.

ಇವತ್ತು ತಿಪಟೂರಿನಲ್ಲಿ ಫಿಸಿಯೋಥೆರಪಿಯವರು "ತೊಡೆ ಬಿಗಿ ಮಾಡಮ್ಮ" ಎಂದರು. ಹಲ್ಲು ಕಚ್ಚಿ ಪ್ರಯತ್ನಿಸಿದೆ. ತೊಡೆ ಮಿಸುಕಲೇ ಇಲ್ಲ. ನನ್ನದೇ ಕಾಲು ನನ್ನ ಮಾತು ಕೇಳದಿದ್ದರೆ ಹೇಗವ್ವ?

"ತೊಡೆಗೇನೂ ಆಗಿಲ್ಲ ಕಣಮ್ಮ. ಮಂಡೀಲಿ ನೀರು ತುಂಬೈತೆ. ಅದು ಇಳಿಯೋಗಂಟ ನರಗಳು ತೊಡೆನ ಬಿಗಿಯಾಗಕ್ಕೆ ಬಿಡಲ್ಲ" ಎಂದರು. ಇಳಿಯದೇ ಹೋದರೆ ಎಂದುಕೊಳ್ಳುತ್ತಲೇ ಮನೆಗೆ ಬಂದೆ.

ನೀನು ಕಾಯಿ ಅಲ್ಲಾಡಿಸಿ "ಕೇಳಿಸ್ಕೋ ಬಾರೇ" ಎಂದು ಕರೆದಾಗಲೆಲ್ಲ ನನಗೆ ಬೇರೆ ಕೆಲಸವಿರುತ್ತಿತ್ತು. ಈಗ ಕಾಲು ಚಾಚಿ ಸುಮ್ಮನೆ ಕೂತಿದ್ದೇನೆ. "ಇನ್ನೂ ನೀರೈತೆ, ಬುಡು, ಆರ್ತೈತೆ" ಎನ್ನುತ್ತಿದ್ದೆಯಲ್ಲ, ನನ್ನ ಮಂಡಿ ಮುಟ್ಟಿ ಒಂದ್ಸಲ ಹಾಗನ್ನವ್ವ.