ಪೆನ್ಸಕೋಲಾದಿಂದ ತಂದ ಕಿವುಡು

ಗಾಲ್ವೆಸ್ ಪಟ್ಟಣ, ಲೂಯಿಸಿಯಾನ
೧೭೮೪, ಜೂನ್ ೨

ಪ್ರೀತಿಯ ಅಕ್ಕ ಆಗೆದಾಗೆ, ತಂಗಿ ಬ್ರಿಹಿದಾಳ ನಮಸ್ಕಾರಗಳು.

ನಿನ್ನ ಕಾಗದ ಹವಾನಾ ಸುತ್ತಿಕೊಂಡು, ನ್ಯೂ ಆರ್ಲಿಯನ್ಸಿನಲ್ಲಿ ಯಾರದೋ ಪೆಟ್ಟಿಗೆಯಲ್ಲಿ ನಿದ್ದೆ ಹೊಡೆದು, ಚಳಿಗಾಲದಲ್ಲೇ ನಮ್ಮ ಕೈಸೇರಿತು. ಉತ್ತರ ಬರೆಸದೆ ಕೂತವಳು ನಾನು. ಬೈಯಬೇಕೆನಿಸಿದರೆ ಬೈದುಬಿಡು. ಅಮ್ಮ ಇನ್ನೂ ಗೊಣಗುತ್ತಲೇ ಓಡಾಡುತ್ತಾಳೆಂದು ಕೇಳಿ ಸಮಾಧಾನವಾಯಿತು. ಅವಳು ಗೊಣಗುವುದನ್ನು ನಿಲ್ಲಿಸಿದರೆ ಹೆದರಬೇಕು.

ಇದನ್ನು ಬರೆಯುತ್ತಿರುವವನು ನಮ್ಮ ಇಗರ್ಜಿಯ ಗಂಟೆ ಹೊಡೆಯುವ ಟೊರಿಬಿಯೊ. ಅಕ್ಷರ ದುಂಡಗಿದೆ, ಆದರೆ ನಾನು ಹೇಳಿದ್ದಕ್ಕೆಲ್ಲ ಬೆಣ್ಣೆ ಹಚ್ಚುತ್ತಾನೆ. ಎಲ್ಲಾದರೂ ನಾನು ತೀರಾ ಸಭ್ಯಳಾಗಿ ಕಂಡರೆ ಅದು ಅವನ ಕೈಚಳಕ.

ಬರುವ ವರ್ಷ ಹಡಗು ಹತ್ತಲೇ, ಭಾವನನ್ನೂ ಹುಡುಗರನ್ನೂ ಕರೆದುಕೊಂಡು ನಿನ್ನ ಹತ್ತಿರವೇ ಬಂದುಬಿಡಲೇ ಎಂದು ಕೇಳಿದ್ದೀಯ. ಬೇಡ ಅಕ್ಕ. ಬರಬೇಡ. ಇಲ್ಲಿಯ ಜ್ವರ ಮನೆ ಬಿಟ್ಟು ಮನೆಗೆ ಹೋಗುವುದಿಲ್ಲ, ಎಲ್ಲರ ಮನೆಯಲ್ಲೂ ಒಟ್ಟಿಗೇ ಕೂರುತ್ತದೆ. ಹೊಳೆ ಉಕ್ಕಿದರೆ ಜೋಳದ ಹೊಲ ಕೆಸರಿನ ಗುಂಡಿ. ನಮ್ಮ ಲಾ ಗೊಮೇರಾ ದ್ವೀಪದ ಕಲ್ಲುಗುಡ್ಡವನ್ನು ಬೈದುಕೊಂಡು ಬಂದವಳು ನಾನು, ಈಗ ಏರಲು ಒಂದು ದಿಬ್ಬ ಸಿಕ್ಕರೆ ಸಾಕೆನಿಸುತ್ತದೆ.

ಸೈನ್ಯಕ್ಕೆ ಆಳು ಸೇರಿಸುವವನು ನಮ್ಮೂರಿಗೆ ಅಳತೆಗೋಲು ಹಿಡಿದು ಬಂದದ್ದು ನೆನಪಿದೆಯಾ? ಎತ್ತರ ಸಾಲದೆಂದು ನನ್ನ ಗಂಡ ಕ್ರಿಸ್ಟೋಬಲ್ ಬೂಟಿನೊಳಗೆ ಹುಲ್ಲು ತುರುಕಿಕೊಂಡು ನಿಂತಿದ್ದ. ನೀನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ. ಭೂಮಿ ಕೊಡುತ್ತಾರೆ, ಹಸು ಕೊಡುತ್ತಾರೆ ಎಂದರು. ಕೊಟ್ಟರು, ಸುಳ್ಳೇಕೆ ಹೇಳಲಿ. ಆದರೆ ನೇಗಿಲು ಹಿಡಿಯುವ ಮೊದಲೇ ಕೋವಿ ಹಿಡಿಸಿದರು. ನಮ್ಮ ರಾಜರು ಇಂಗ್ಲಿಷರ ಮೇಲೆ ಯುದ್ಧ ಸಾರಿದರು. ಬಿರುಗಾಳಿಗೆ ಗುಡಿಸಲು ಹಾರಿಹೋಗಿ ನಾವು ಬಟ್ಟೆ ಒಣಗಿಸಿಕೊಳ್ಳುತ್ತಿದ್ದಾಗ ಗಂಡಸರನ್ನು ಬ್ಯಾಟನ್ ರೂಜಿಗೆ ನಡೆಸಿಕೊಂಡು ಹೋದರು. ಆಮೇಲೆ ಮೊಬೀಲ್, ಆಮೇಲೆ ಪೆನ್ಸಕೋಲಾ. ಹೀಗೆಲ್ಲ ಬರೆಯಬಾರದಮ್ಮ ಎಂದು ಟೊರಿಬಿಯೊ ಗುರುಗುಟ್ಟುತ್ತಿದ್ದಾನೆ. ಬರೆಯಪ್ಪ ಎಂದೆ, ಹೋದದ್ದು ನಿನ್ನ ಕಿವಿಯಲ್ಲವಲ್ಲ.

ಹೌದು, ಕ್ರಿಸ್ಟೋಬಲನಿಗೆ ಕಿವಿ ಕೇಳಿಸುವುದಿಲ್ಲ. ಪೆನ್ಸಕೋಲಾದಲ್ಲಿ ಅವನನ್ನು ಫಿರಂಗಿಗೆ ಹಾಕಿದ್ದರು. ವಾರಗಟ್ಟಲೆ ಅದರ ಪಕ್ಕದಲ್ಲೇ ಗುಂಡು ತುಂಬುವ ಕೆಲಸ. ಕೊನೆಗೆ ಇಂಗ್ಲಿಷರ ಮದ್ದಿನ ಕೋಣೆ ಸಿಡಿದು ಕೋಟೆ ಬಿತ್ತು, ನಮ್ಮವರು ಗೆದ್ದರು. ಅವನು ಮನೆಗೆ ಬಂದಾಗ ನಾನು ಏನು ಹೇಳಿದರೂ ನಗುತ್ತಿದ್ದ. ಗೆದ್ದ ಖುಷಿ ಎಂದುಕೊಂಡೆ. ಸಂಜೆ ಹೊಲದಲ್ಲಿದ್ದವನಿಗೆ ಊಟಕ್ಕೆ ಬಾ ಎಂದು ನಮ್ಮ ಕಡೆಯ ಹಾಗೆ ಸಿಳ್ಳೆ ಹಾಕಿದೆ. ಈ ಗುಡ್ಡದಿಂದ ಆ ಗುಡ್ಡಕ್ಕೆ ಸಿಳ್ಳೆಯಲ್ಲೇ ಮಾತಾಡಿ ಸಂಸಾರ ಮಾಡಿದವರು ನಾವು. ಅವನು ತಿರುಗಲಿಲ್ಲ. ಮತ್ತೆ ಹಾಕಿದೆ. ಆಗ ನನಗೆ ತಿಳಿಯಿತು.

ಹೋದ ವರ್ಷ ಶಾಂತಿಯಾಯಿತು. ಹೊಳೆಯ ಆಚೆ ದಡದಲ್ಲಿ ಕಾಲ್ವಿನ್ ಎಂಬ ಅಮೆರಿಕದವನಿದ್ದಾನೆ, ಯುದ್ಧಕ್ಕೆ ಹೆದರಿ ಇಲ್ಲಿಗೆ ಓಡಿಬಂದವನು. ಕೆಟ್ಟವನಲ್ಲ. ದೋಣಿಯಲ್ಲಿ ರಮ್ ತಂದು ಕುಣಿದಾಡಿದ.

"ಗೆದ್ವಿ ಕಣಮ್ಮಾ! ಫ್ರೆಂಚರು ಕೈಹಿಡಿದ್ರು, ಪುಣ್ಯಾತ್ಮರು!"

"ನಮ್ಮೋರು ಏನು, ನಿದ್ದೆ ಮಾಡ್ತಿದ್ರಾ?" ಎಂದೆ.

"ನಿಮ್ಮೋರು ಹೋಗಿದ್ದು ಗೊತ್ತು. ಆದ್ರೆ ಅದು ನಿಮ್ಮ ರಾಜನ ಜಗಳ ಅಲ್ವಾ? ನಮ್ಮ ಯುದ್ಧ ಬೇರೆ, ಅದು ಆ ಕಡೆ ನಡೀತು."

"ಆ ಕಡೆ ಬರಬೇಕಾಗಿದ್ದ ಇಂಗ್ಲಿಷರನ್ನ ಈ ಕಡೆ ಹಿಡಿದು ಕೂರಿಸಿದ್ದು ಯಾರಪ್ಪಾ, ನಿಮ್ಮಜ್ಜನಾ?"

ಅವನು ನಮ್ಮ ಬಟ್ಟಲುಗಳಿಗೆ ಇನ್ನಷ್ಟು ರಮ್ ಸುರಿದ. ತನ್ನನ್ನೇ ಹೊಗಳುತ್ತಿದ್ದಾರೆಂದುಕೊಂಡು ಕ್ರಿಸ್ಟೋಬಲ್ ನಾಚಿಕೊಂಡು ಬಟ್ಟಲು ಎತ್ತಿದ. ನಾನು ಒಲೆಯ ಕಡೆ ತಿರುಗಿಕೊಂಡೆ.

ಇನ್ನು ಮುಚ್ಚಿಡಲಾರೆ. ಹೆತ್ತ ನನಗಿಂತ ಹೆಚ್ಚಾಗಿ ನೀನು ಸಾಕಿದ ನಮ್ಮ ಮಗಳು ನಿಯೆವೆಸ್ ಇನ್ನಿಲ್ಲ, ಅಕ್ಕ. ಈ ವಸಂತದ ನೆರೆಗೆ ಹೋದಳು. ಕರು ಹೊಡೆದುಕೊಂಡು ಬರಲು ತಗ್ಗಿನ ಕಡೆ ಹೋಗಿದ್ದಳು, ನೀರು ಏರಿಬಿಟ್ಟಿತು. ನಾನು ಉಪ್ಪು ತರಲು ಕೋಟೆಗೆ ಹೋಗಿದ್ದೆ. ಮರುದಿನ ಸಿಕ್ಕಳು. ನೀನು ಕೊಟ್ಟಿದ್ದ ಕೆಂಪು ಶಾಲು ಹೊದಿಸಿ ಇಗರ್ಜಿಯ ಪಕ್ಕ ಮಣ್ಣು ಮಾಡಿದೆವು. ಈಗ ಹುರಿಹಿಟ್ಟು ಕಲಸಿದರೆ ಕೈ ತಾನಾಗಿ ಮೂರು ಪಾಲು ಮಾಡುತ್ತದೆ. ಕಾಗದ ತಡವಾದದ್ದು ಇದಕ್ಕೇ.

ನಿನ್ನ ಹುಡುಗರನ್ನು ಈ ನೀರಿಗೆ ತರಬೇಡ. ಅಲ್ಲೇ ಮೇಕೆ ಮೇಯಿಸಿಕೊಂಡು ಗಂಜಿ ಕುಡಿದರೂ ಚಿಂತೆಯಿಲ್ಲ. ಅವರಿಗೆ ನನ್ನ ಆಶೀರ್ವಾದ, ಭಾವನಿಗೆ ನಮಸ್ಕಾರ. ಅಮ್ಮನ ಕೈಗೆ ನನ್ನ ಪರವಾಗಿ ಮುತ್ತು ಕೊಡು. ಗ್ವಾದಲೂಪೆ ಮಾತೆ ನಿಮ್ಮೆಲ್ಲರನ್ನೂ ನೆಲದ ಮೇಲೇ ಇಟ್ಟಿರಲಿ.

ನಿನ್ನ ತಂಗಿ,
ಬ್ರಿಹಿದಾ

ಮರೆತ ಮಾತು: ಮರೆತದ್ದಲ್ಲ. ಇದನ್ನು ನಿನಗೊಬ್ಬಳಿಗೇ ಓದಿ ಹೇಳಲು ಪಾದ್ರಿಗಳನ್ನು ಕೇಳಿಕೋ. ಅಮ್ಮನ ಮುಂದೆ ಬೇಡ.

ಮಣ್ಣು ಮಾಡಿದ ಮೇಲೆ ಕಾಲ್ವಿನ್ ಮಾತಾಡಿಸಲು ಬಂದ. ಪಾಪ, ಏನು ಹೇಳಬೇಕೆಂದು ತೋಚದೆ ಹವೆಯ ಬಗ್ಗೆ, ಹಕ್ಕಿಗಳ ಬಗ್ಗೆ ಮಾತು ತೆಗೆದ. "ಅವತ್ತು ಯಾವುದೋ ಹೊಸ ಹಕ್ಕಿ ಬಂದಿತ್ತಮ್ಮಾ, ಬೆಳಗ್ಗೆಯಿಂದ ಒಂದೇ ಸಮನೆ ಕೂಗ್ತಿತ್ತು. ಮಧ್ಯಾಹ್ನ ನಿಲ್ಲಿಸ್ಬಿಡ್ತು" ಎಂದ. ಹೇಗೆ ಕೂಗಿತು ಎಂದೆ. ತುಟಿ ಮಡಚಿ ಅಡ್ಡಾದಿಡ್ಡಿ ಸಿಳ್ಳೆ ಹಾಕಿ ತೋರಿಸಿದ. ಅಷ್ಟು ಕೆಟ್ಟದಾಗಿ ಹಾಕಿದರೂ ನನಗೆ ತಿಳಿಯಿತು. ಹಕ್ಕಿಯಲ್ಲ, ನಮ್ಮ ಸಿಳ್ಳೆಯ ಮಾತು ಅದು: ಅಪ್ಪಾ ಬಾ, ಮರದ ಮೇಲಿದ್ದೀನಿ.

ಕ್ರಿಸ್ಟೋಬಲ್ ಆ ಬೆಳಗ್ಗೆಯೆಲ್ಲ ತಗ್ಗಿನ ಅಂಚಿನಲ್ಲೇ ಬೇಲಿ ಕಟ್ಟುತ್ತಿದ್ದ, ಅವಳಿಗೆ ಬೆನ್ನು ಮಾಡಿ. ಅಪ್ಪನಿಗೆ ಕೇಳಿಸದೆಂಬುದು ಹೆದರಿಕೆಯಲ್ಲಿ ಅವಳಿಗೆ ಮರೆತೇಹೋಗಿತ್ತೇನೋ. ಬಾಯಿಬಿಟ್ಟು ಕೂಗಿದ್ದರೆ ಕಾಲ್ವಿನ್ ದೋಣಿ ತರುತ್ತಿದ್ದ. ಆದರೆ ಕಷ್ಟ ಬಂದರೆ ಕಿರುಚಬೇಡ ಮಗಳೇ, ಸಿಳ್ಳೆ ಹಾಕು, ಸಿಳ್ಳೆ ದೂರ ಹೋಗುತ್ತದೆ ಎಂದು ನೀನು ಕಲಿಸಿದ್ದೆ. ನಿನ್ನ ತಪ್ಪಲ್ಲ ಅಕ್ಕ. ನಮ್ಮ ಕಣಿವೆಯಲ್ಲಿ ಯಾರ ಮಕ್ಕಳಿಗಾದರೂ ಅದನ್ನೇ ಕಲಿಸುತ್ತೇವೆ.

"ಮಗು ಸಿಳ್ಳೆ ಹಾಕಿತ್ತೇನೇ?" ಎಂದು ಕ್ರಿಸ್ಟೋಬಲ್ ನನ್ನನ್ನು ಕೇಳಿದ. ಇಲ್ಲ, ಜಾರಿ ಬಿದ್ದವಳು ಒಮ್ಮೆಗೇ ಮುಳುಗಿದಳು ಎಂದು ಸನ್ನೆ ಮಾಡಿದೆ. ಅಷ್ಟನ್ನು ನಂಬಿಕೊಂಡು ಉಸಿರಾಡುತ್ತಿದ್ದಾನೆ. ನೀನು ಬಂದರೆ ನಿನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಮಾತು ನಿಂತರೂ ಮುಖ ಹೇಳಿಬಿಡುತ್ತದೆ. ಅವನಿಗೆ ಮುಖ ಓದುವುದು ಚೆನ್ನಾಗಿ ಬರುತ್ತದೆ. ಅದಕ್ಕೇ ಬರಬೇಡ ಎಂದದ್ದು.

ಇದನ್ನೆಲ್ಲ ನಾನು ಹೇಳಿ ಬರೆಸುತ್ತಿರುವಾಗ ಅವನು ನನ್ನ ಹಿಂದೆಯೇ ಕೂತು ಬಲೆ ಹೊಲಿಯುತ್ತಿದ್ದಾನೆ. ಟೊರಿಬಿಯೊ ಕಣ್ಣೀರು ಒರೆಸಿಕೊಂಡದ್ದನ್ನು ನೋಡಿ, "ಯಾಕೆ, ಏನಾಯ್ತು?" ಎಂದ. ಅಮ್ಮನಿಗೆ ಹುಷಾರಿಲ್ಲವಂತೆ ಎಂದು ಸನ್ನೆ ಮಾಡಿದೆ. ಎದ್ದು ಬಂದು ನನ್ನ ತಲೆ ಸವರುತ್ತಿದ್ದಾನೆ.