ಮೊದಲ ಸಾಲಿನಲ್ಲೇ ಅಂಕಿ ಬರೆಯಿರಿ

ಕಲಬುರಗಿ, ಫೆಬ್ರವರಿ ೩೦, ೨೩೧೨

ತಂತ್ರಾಂಶ ಕಟ್ಟುವ ಹಿರಿಯರಿಗೆ ಮಹಾನಂದಾಳ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನೀವು ಪ್ಯಾಕೇಜ್ ಎನ್ನುವುದು ನಮಗೆ ಗಂಟು. ಅದನ್ನು ಹೇಗೆ ಕಟ್ಟಬೇಕೆಂದು ಯಂತ್ರಕ್ಕೆ ಹೇಳುವ ನಿಮ್ಮ ಸ್ಕ್ರಿಪ್ಟು ನಮಗೆ ಕಟ್ಟೋಲೆ. ನೀರೆತ್ತುವ ಪಂಪಿನಿಂದ ಹಿಡಿದು ಜೋಳದ ರೊಟ್ಟಿ ಬಡಿಯುವ ಯಂತ್ರದ ತನಕ ಎಲ್ಲವೂ ನಿಮ್ಮ ಕಾಲದ ಓಲೆಗಳಿಂದಲೇ ನಡೆಯುತ್ತವೆ. ಕಟ್ಟುವ ಮುನ್ನ ಮೊದಲ ಸಾಲಿನ ಅಂಕಿಯನ್ನು, ಅಂದರೆ ಓಲೆ ಕಟ್ಟುವ ನಿಯಮಗಳ ಎಷ್ಟನೆಯ ರೂಪಕ್ಕೆ ಬರೆದದ್ದು ಎಂಬುದನ್ನು, ಮನೆಮಂದಿಯೆದುರು ಗಟ್ಟಿಯಾಗಿ ಓದುವುದು ನಮ್ಮ ಪದ್ಧತಿ. ಅಂಕಿ ಕಾಣದಿದ್ದರೆ ಸೊನ್ನೆ ಎಂದು ಓದುತ್ತೇವೆ, ಯಂತ್ರವೂ ಹಾಗೇ ತಿಳಿಯುತ್ತದೆ.

ನನ್ನ ಅಕ್ಕ ಸುಗಲಾಬಾಯಿಯ ಉಸಿರುಯಂತ್ರದ ಓಲೆ ಬರೆದ ಮಹಾಶಯರು ಅಂಕಿಯನ್ನು ಇನ್ನೊಂದು ಕಡತದಿಂದ ತರಿಸಿಕೊಳ್ಳುವಂತೆ ಬರೆದಿದ್ದಾರೆ. ಆ ಕಡತ ಈಗ ಎಲ್ಲೂ ಇಲ್ಲ. 'ಸೊನ್ನೆ' ಎಂದು ಓದಿದೆವು, ಎಲ್ಲರೂ ತಲೆಯಾಡಿಸಿದರು. ಹೊಸ ರೂಪಗಳಲ್ಲಿ ಒಂದು ಕೆಲಸ ಕೆಟ್ಟರೆ ಕಟ್ಟುವುದು ಅಲ್ಲೇ ನಿಲ್ಲುತ್ತದೆ. ಸೊನ್ನೆಯಲ್ಲಿ ಸದ್ದಿಲ್ಲದೆ ಮುಂದುವರಿಯುತ್ತದೆ. ಹಾಗೆ ಮುಂದುವರಿದು, ಎಚ್ಚರಿಸುವ ಭಾಗವೇ ಇಲ್ಲದ ಗಂಟು ತಯಾರಾಯಿತು. ಕೊಳವೆ ಕಳಚಿದಾಗ ಯಂತ್ರ ಕೂಗಲೇ ಇಲ್ಲ. ಪಕ್ಕದ ಮನೆಯವರು ಮಜ್ಜಿಗೆ ಕೇಳಲು ಬಂದಿದ್ದರಿಂದ ಅಕ್ಕ ಉಳಿದಳು.

ಪಂಚಾಯಿತಿಯ ಶಿವಶರಣಪ್ಪನವರು, "ಅಂದಾಜಿಗಿ ಎಂಟನೇ ರೂಪ ಅಂತ ಹಾಕಿಬಿಡವ್ವಾ, ಏನಾಗ್ತದ?" ಎಂದರು. ನನಗೆ ಮೈ ಉರಿದುಹೋಯಿತು. ಅಕ್ಕ ಮಾತ್ರ ನಕ್ಕಳು: "ಅಂದಾಜಿನ ಉಸಿರು ನನಗ ಬ್ಯಾಡ ತಂಗಿ. ಒಂದೊಂದೇ ಸಾಲು ನೋಡಿ ಕಟ್ಟು. ತಡಾ ಆದ್ರ ಆಗ್ಲಿ." ಅದನ್ನೇ ಮಾಡುತ್ತಿದ್ದೇನೆ. ಪ್ರತಿ ಸಾಲನ್ನೂ ಪ್ರತಿ ರೂಪದೊಂದಿಗೆ ಹೋಲಿಸಿ ನೋಡುತ್ತೇನೆ, ಮುಗಿಸದೆ ಬಿಡುವುದಿಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಅವಳ ಪಕ್ಕ ಕೂತಿರುತ್ತೇವೆ.

ನಿಮ್ಮಲ್ಲಿ ಕೇಳುವುದಿಷ್ಟೆ. ರೂಪದ ಅಂಕಿಯನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಬರೀ ಅಂಕಿ. ಲೆಕ್ಕ ಹಾಕಿಸಬೇಡಿ, ಬೇರೆ ಕಡತದಿಂದ ತರಿಸಬೇಡಿ; ಓಲೆಯನ್ನು ನಡೆಸದೆಯೇ ಅದು ಓದಲು ಸಿಗಬೇಕು. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ ಎನ್ನಬೇಡಿ. ನಿಮ್ಮ ಆ ಎಲ್ಲರಲ್ಲಿ ಒಬ್ಬರೂ ಈಗ ಉಳಿದಿಲ್ಲ. ನನ್ನ ಅಕ್ಕ ಇದ್ದಾಳೆ, ಅವಳ ಕೈ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮಹಾನಂದಾ