ಅತ್ತೆ, ನಾನು ಮತ್ತು ಅರ್ಧ ಕಿಲೋ ಸೀಗಡಿ

ವಾಡಿ, ಭಾನುವಾರ ಮಧ್ಯಾಹ್ನ

ಪ್ರೀತಿಯ ಲುಂಬಿನಿ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈಗ ನಾನು ಫೋನು ಹಿಡಿದ ಕೂಡಲೇ ನಿನ್ನವ್ವ ಬಂದು ಪಕ್ಕದಲ್ಲಿ ಕೂಡುತ್ತಾರೆ. ಅದಕ್ಕೇ ಈ ಕಾಗದ.

ತಿಂಗಳ ತರಬೇತಿಗೆಂದು ಚಿಂಚೋಳಿಗೆ ಹೊರಟಾಗ ನೀನು ಅವರನ್ನು ಗುಂಡಗುರ್ತಿಯಿಂದ ಕರೆಸಿ, "ನಾ ಬರೂದ್ರಾಗ ನೀವಿಬ್ರೂ ಮಾತಾಡಿರಬೇಕು, ಇಲ್ಲಾಂದ್ರ ನಾ ಅಲ್ಲೇ ಇದ್ದುಬಿಡ್ತೀನಿ" ಎಂದೆ. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಮದುವೆಯ ಮಾರನೆಯ ದಿನ ಅವರ ಕೋಳಿ ಸಾರು ನೀರಾಗಿದೆ ಎಂದು ಬೀಗರೆದುರು ನಾನು ಬಾಯಿ ತಪ್ಪಿ ಅಂದದ್ದು ನಿಜ. ಅಂದಿನಿಂದ ಮೂರು ವರ್ಷ ಅತ್ತೆಗೆ ನನ್ನೊಡನೆ ಮಾತಿಲ್ಲ. ನೀನು ಹೋದ ಮೇಲೆ ನಮ್ಮ ವ್ಯವಹಾರವೆಲ್ಲ ಫ್ರಿಜ್ಜಿನ ಮೂಲಕವೇ. "ಉಣ್ಣೋರಿಗೆ ಹಸಿವು ಅದನೋ ಇಲ್ಲೋ?" ಎಂದು ಅವರು ಫ್ರಿಜ್ಜನ್ನು ಕೇಳುತ್ತಿದ್ದರು. "ಭಾಳ ಅದ" ಎಂದು ನಾನೂ ಅದಕ್ಕೇ ಹೇಳುತ್ತಿದ್ದೆ.

ಇವತ್ತು ಬೆಳಿಗ್ಗೆ, ನನ್ನ ಜೊತೆ ಫ್ಯಾಕ್ಟರಿಯಲ್ಲಿ ದುಡಿಯುವ ಮುಜಾಹಿದ್ ರತ್ನಾಗಿರಿಯಿಂದ ಬಂದವನು ಬರ್ಫದ ಡಬ್ಬಿಯಲ್ಲಿ ಅರ್ಧ ಕಿಲೋ ಸೀಗಡಿ ಕೊಟ್ಟ. "ಸಾರು ಕುದ್ದಮ್ಯಾಲ ಹಾಕಿ ಐದೇ ಮಿನಿಟು. ಹೆಚ್ಚಾದ್ರ ರಬ್ಬರ್ ಆಗ್ತಾವ" ಎಂದು ಬಾಗಿಲಲ್ಲೇ ಎರಡು ಸಲ ಹೇಳಿ ಹೋದ. ಅತ್ತೆ ಡಬ್ಬಿಯಲ್ಲಿ ಬಗ್ಗಿ ನೋಡಿ, "ಯವ್ವಾ, ಹುಳ ಅವ! ಮೀಸಿ ನೋಡು!" ಎಂದು ಫ್ರಿಜ್ಜಿಗೆ ತಿಳಿಸಿದರು.

ನಾನೇ ಅಡುಗೆಗೆ ನಿಂತೆ. ಅವರು ದೂರದಲ್ಲಿ, ಬಾಗಿಲಿಗೆ ಒರಗಿ. ಸಿಪ್ಪೆ ಸುಲಿದು ಬೆನ್ನಿನ ಕರಿ ನರ ತೆಗೆಯುವಾಗ ಎರಡು ಸೀಗಡಿ ಕೈ ಜಾರಿ ನೆಲದ ಮೇಲೆ ಅವರತ್ತಲೇ ಸಾಗಿದವು. ಅತ್ತೆ ಸ್ಟೂಲ್ ಹತ್ತಿದರು. ಉಳ್ಳಾಗಡ್ಡಿ, ಟೊಮ್ಯಾಟೊ ಬಾಡಿಸಿ, ಬೆಳ್ಳುಳ್ಳಿ, ಖಾರದಪುಡಿ, ಅರೆದ ಕೊಬ್ಬರಿ, ಹುಣಸೆಹುಳಿ ಹಾಕಿದೆ. ಸಾರು ಕುದಿ ಬಂದಾಗ ಸೀಗಡಿ ಬಿಟ್ಟೆ. ಆಗಲೇ ಶಿಫ್ಟಿನ ವಿಷಯಕ್ಕೆ ಫೋನು ಬಂತು. ಅಂಗಳಕ್ಕೆ ಹೋದವನು ಮೈಮರೆತೆ.

ಒಲೆಯ ಹತ್ತಿರ ಹೋಗಲು ಅತ್ತೆಗೆ ಆ ಹುಳಗಳ ಭಯ. ಐದು ಮಿನಿಟಾಯಿತೆಂದು ಮೊದಲು ಫ್ರಿಜ್ಜಿಗೆ ಹೇಳಿದರಂತೆ. ಅದು ಮಿಸುಕಲಿಲ್ಲ. ಆಮೇಲೆ ಇಡೀ ಕ್ವಾರ್ಟರ್ಸ್ ಕೇಳುವಂತೆ ಕೂಗಿದರು: "ಅಳಿಯಾರೇ! ಏನ್ ಮಾಡಾಕತ್ತೀರಿ ಅಲ್ಲಿ? ಆರು ಮಿನಿಟ್ ಆತು, ಓಡಿ ಬರ್ರಿ!"

ಓಡಿಬಂದು ಗ್ಯಾಸ್ ಬಂದ್ ಮಾಡಿದೆ. ನನ್ನೊಡನೆ ಮಾತಾಡಿಬಿಟ್ಟೆನೆಂದು ಅರಿವಾಗಿ ಅವರ ಸೆರಗು ಬಾಯಿಗೆ ಹೋಗಿತ್ತು. "ಅತ್ತಿ, ಅವತ್ತ ನಾ ಹಂಗ ಅನ್ನಬಾರದಿತ್ತು" ಎಂದೆ. ತಟ್ಟೆ ತಂದು ಕೂತು ಒಂದು ತಿಂದರು. ಇನ್ನೊಂದು. ರೊಟ್ಟಿ ಮುರಿದು ಅದ್ದುತ್ತ, "ನಿಮ್ಮ ಫೋಟೊ ಬಂದಾಗ ಮನ್ಯಾಗ ಎಲ್ಲಾರೂ ಬ್ಯಾಡಂದ್ರು. ಹೂಂ ಅಂದಾಕಿ ನಾ ಒಬ್ಬಾಕಿನೇ. ಅದಕ್ಕ ಅಷ್ಟ ಸಿಟ್ಟ ಬಂತು" ಎಂದರು. ನನ್ನ ತಟ್ಟೆಯ ಸೀಗಡಿಯನ್ನೆಲ್ಲ ಅವರ ತಟ್ಟೆಗೆ ಹಾಕಿದೆ.

ಇಲ್ಲಿಗೆ ಮುಗಿಯಿತೆಂದುಕೊಂಡೆ. ಇಲ್ಲ, ಲುಂಬಿನಿ. ಊಟವಾಗಿ ಎರಡು ತಾಸಾಯಿತು. ನಿನ್ನ ಸೋದರಮಾವನ ಎಮ್ಮೆ ಕಳೆದದ್ದು, ನಿನಗೆ ಮೊದಲ ಹಲ್ಲು ಬಂದದ್ದು, ನನ್ನ ಅಂಗಿಯ ಬಣ್ಣ ಸರಿಯಿಲ್ಲದ್ದು, ಎಲ್ಲವೂ ಆಯಿತು. ಇದನ್ನು ಬಚ್ಚಲಮನೆಯ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ. ಅವರು ಹೊರಗೆ ಕುರ್ಚಿ ಹಾಕಿಕೊಂಡು ಮಾತು ಮುಂದುವರಿಸಿದ್ದಾರೆ.

ನಿನ್ನ ತರಬೇತಿ ಚೆಂದಾಗಿ ಮುಗಿಯಲಿ, ನೀನು ಸುಖವಾಗಿರು. ರಜೆ ಸಿಕ್ಕರೆ ನಾಳೆಯೇ ಬಾ.

ನಿನ್ನವ್ವನ ಮುದ್ದಿನ ಅಳಿಯ,
ಸುರೇಶಕುಮಾರ